ಕಾಂಕ್ರೀಟ್‌ಗೆ ಭಾನುವಾರ ರಜೆ ಇಲ್ಲ

ಭಾನುವಾರ ರಾತ್ರಿ ಒಂಬತ್ತೂವರೆಗೆ ತಿಪಟೂರಿನ ಚಿಕ್ಕಮ್ಮನ ಮಗನ ಫೋನ್. "ಅಕ್ಕ, ನಿಂಗೆ ಪ್ರಿಮಾವೆರಾ ಬರುತ್ತಾ?"

ಬರಲ್ಲ. ಆದರೆ ಸಾಫ್ಟ್‌ವೇರ್ ಇಂಜಿನಿಯರ್ ಅಂದಮೇಲೆ ಕಂಪ್ಯೂಟರಿನೊಳಗೆ ಇರೋದೆಲ್ಲ ನನಗೆ ಬರುತ್ತೆ ಅನ್ನೋದು ನಮ್ಮ ಮನೆಯವರ ನಂಬಿಕೆ. ಪ್ರಿಂಟರ್ ಕೆಟ್ಟರೂ ನಾನೇ, ಆಧಾರ್ ಲಿಂಕ್ ಆಗದಿದ್ದರೂ ನಾನೇ. ಏನಾಯ್ತೋ ಅಂತ ಕೇಳಿದೆ.

ಅವನು ಸಿವಿಲ್ ಓದಿ, ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಜೂನಿಯರ್ ಪ್ಲಾನಿಂಗ್ ಇಂಜಿನಿಯರ್ ಆಗಿ ಎಂಟು ತಿಂಗಳಾಗಿದೆ. ಕೆಲಸ ಕಲಿಸಬೇಕಿದ್ದ ಸೀನಿಯರ್ ಮೂರನೇ ತಿಂಗಳಿಗೇ ಬೇರೆ ಕಡೆ ಹೋದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ಈಗ 14 ಸ್ಲ್ಯಾಬ್‌ಗಳ ಹೊಸ ಟವರಿನ ಷೆಡ್ಯೂಲ್ ಪೂರ್ತಿ ಇವನ ತಲೆ ಮೇಲೆ. ಮುಗಿಯುವ ದಿನಾಂಕವನ್ನು ಮ್ಯಾನೇಜರ್ ಮೊದಲೇ ಕೊಟ್ಟು, "ಇದಕ್ಕೆ ಹೊಂದಿಸು" ಅಂದಿದ್ದಾರೆ. ಇವನು ಹೊಂದಿಸಿದ್ದಾನೆ. ಹೊಂದಿಸಿದ್ದು ನಿಜಕ್ಕೂ ಆಗುತ್ತಾ ಅಂತ ಹೇಳೋರು ಮಾತ್ರ ಯಾರೂ ಇಲ್ಲ. ಹತ್ತು ದಿನದಲ್ಲಿ ರಿವ್ಯೂ ಮೀಟಿಂಗ್.

"ಆನ್‌ಲೈನ್‌ನಲ್ಲಿ ಯಾರನ್ನಾದ್ರೂ ಕೇಳಿದ್ಯಾ?"

"ಕೇಳ್ದೆ ಅಕ್ಕ. ಏನೂ ಉಪಯೋಗ ಆಗ್ಲಿಲ್ಲ."

ಲಿಂಕ್ಡ್‌ಇನ್‌ನಲ್ಲಿ ಅವನು ಹಾಕಿದ್ದನ್ನು ನೋಡಿದೆ. ಒಂದೇ ಸಾಲು: ಹದಿನಾಲ್ಕು ಮಹಡಿ ಕಟ್ಟಡದ ಷೆಡ್ಯೂಲ್ ಟೆಂಪ್ಲೇಟ್ ಇದ್ದರೆ ದಯವಿಟ್ಟು ಕಳಿಸಿ. ಕೆಳಗೆ ಮೂವತ್ತಕ್ಕೂ ಹೆಚ್ಚು ಕಾಮೆಂಟು, ಎಲ್ಲದರಲ್ಲೂ ಒಂದೇ ಮಾತು: "ನನಗೂ ಕಳಿಸಿ." ನ್ಯಾಯಬೆಲೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ನಿಂತ ಸಾಲಿನ ಹಾಗೆ. ಕೊಡೋರು ಒಬ್ಬರೂ ಇಲ್ಲ. ಚಾಟ್‌ಬಾಟನ್ನೂ ಕೇಳಿದ್ದನಂತೆ. ಅದು ಅರ್ಧ ನಿಮಿಷದಲ್ಲಿ ಇನ್ನೂರು ಸಾಲಿನ ನೀಟಾದ ಪಟ್ಟಿ ಕೊಟ್ಟಿದೆ. ಅದನ್ನೇ ಹಿಗ್ಗಿಸಿ ಇವನು ಒಂಬೈನೂರು ಸಾಲು ಮಾಡಿದ್ದಾನೆ.

ನನಗೆ ನನ್ನ ಮೊದಲ ವರ್ಷದ ಕೆಲಸ ನೆನಪಾಯಿತು. ನಾನೂ ಒಮ್ಮೆ ನಾನೂರು ಸಾಲಿನ ಕೋಡ್ ಸುರಿದು "ಕೆಲಸ ಮಾಡ್ತಿಲ್ಲ, ಸಹಾಯ ಮಾಡಿ" ಅಂತ ಆನ್‌ಲೈನ್‌ನಲ್ಲಿ ಬೇಡಿಕೊಂಡಿದ್ದೆ. ಯಾರೂ ತಿರುಗಿ ನೋಡಲಿಲ್ಲ. ಒಬ್ಬರು ಮಾತ್ರ ಬರೆದರು: ಇದನ್ನು ಹತ್ತು ಸಾಲಿಗೆ ಇಳಿಸು, ಆಗಲೂ ತಪ್ಪು ಕಾಣಿಸಿದರೆ ಆ ಹತ್ತು ಸಾಲು ಹಾಕು. ಬೇಜಾರಾಯಿತು, ಆದರೂ ಇಳಿಸಿದೆ. ಏಳನೇ ಸಾಲಿನಲ್ಲಿ ತಪ್ಪು ನನಗೇ ಸಿಕ್ಕಿತು. ನಮ್ಮ ಫೀಲ್ಡಿನಲ್ಲಿ ಇದು ಹಳೇ ಪದ್ಧತಿ. ಉತ್ತರ ಕೊಡೋರಿಗೆ ಸಂಜೆ ಚಹಾ ಕುಡಿಯುವಷ್ಟೇ ಪುರುಸೊತ್ತು ಇರೋದು, ನಮ್ಮ ಪ್ರಶ್ನೆ ಅಷ್ಟರೊಳಗೆ ಓದಿ ಮುಗಿಯಬೇಕು.

ಸರಿ, ನಿನ್ನ ಒಂಬೈನೂರು ಸಾಲನ್ನು ಒಂದು ಮಹಡಿಗೆ ಇಳಿಸು ಅಂದೆ. ಎರಡು ಸಂಜೆ ಹಿಡಿಯಿತು. ಕೊನೆಗೆ ಉಳಿದದ್ದು ಇಷ್ಟು: ಕಾಲಂ 2 ದಿನ, ಸೆಂಟ್ರಿಂಗ್ 4 ದಿನ, ಕಂಬಿ ಕಟ್ಟೋದು 3 ದಿನ, ಮೋಲ್ಡ್ ಹಾಕೋದು 1 ದಿನ. ಒಟ್ಟು ಹತ್ತು ದಿನಕ್ಕೊಂದು ಸ್ಲ್ಯಾಬ್, ಆಮೇಲೆ 7 ದಿನ ಕ್ಯೂರಿಂಗ್. ಜೊತೆಗೆ, ಕೊನೆಯ ದಿನಾಂಕಕ್ಕೆ "ಮ್ಯಾಂಡೇಟರಿ ಫಿನಿಶ್" ಹಾಕಿದ್ದೇನೆ ಅಂತಲೂ ಬರೆಸಿದೆ. ಅದನ್ನು ಬರೆಯೋಕೆ ಅವನಿಗೆ ನಾಚಿಕೆ. "ಎಲ್ರೂ ನಗ್ತಾರೆ ಅಕ್ಕ" ಅಂದ. ಬಚ್ಚಿಟ್ಟರೆ ಡಾಕ್ಟರ್ ಹತ್ರ ಹೋಗಿ ಹೊಟ್ಟೆನೋವು ಎಲ್ಲಿ ಅಂತ ಹೇಳದ ಹಾಗೆ ಆಗುತ್ತೆ ಕಣೋ ಅಂದೆ. ಪ್ರಶ್ನೆ ಒಂದೇ: ಈ ಹತ್ತು ದಿನದ ಲೆಕ್ಕ ಎಲ್ಲಿ ಮುರಿಯಬಹುದು?

ಈ ಸಲ ಇಡೀ ಜಗತ್ತನ್ನು ಕೇಳಲಿಲ್ಲ. ಬೇರೆಯವರ ಪ್ರಶ್ನೆಗಳಿಗೆ ಯಾರು ಹೇಗೆ ಉತ್ತರ ಕೊಟ್ಟಿದ್ದಾರೆ ಅಂತ ಮೊದಲು ಓದಿದೆವು. ಇದು ತುಂಬಾ ಜನ ಮಾಡದ ಕೆಲಸ. ಪ್ರೊಫೈಲಿನಲ್ಲಿ ಪದವಿ, ಸರ್ಟಿಫಿಕೇಟು ಸಾಲಾಗಿ ಇರುವವರು ಬೇಕಾದಷ್ಟು ಜನ. ಅವರಲ್ಲಿ ಕೆಲವರು ಎರಡನೇ ಮೆಸೇಜಿಗೇ ಕೋರ್ಸಿನ ಫೀ ಹೇಳುತ್ತಾರೆ. ನಮಗೆ ಬೇಕಾಗಿದ್ದು "ನಿಮ್ಮ ಸೈಟಿನಲ್ಲಿ ಹೇಗಿದೆ?" ಅಂತ ಮೊದಲು ಕೇಳಿ, ಆಮೇಲೆ ಉತ್ತರ ಕೊಡುವವರು. ಹಾಗೆ ಸಿಕ್ಕಿದವರು ಮಸ್ಕತ್‌ನಲ್ಲಿ ಇಪ್ಪತ್ತೈದು ವರ್ಷ ಪ್ಲಾನಿಂಗ್ ಮಾಡಿ, ಈಗ ಪುತ್ತೂರಿನ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವ ಒಬ್ಬ ಹಿರಿಯರು. ಮೆಸೇಜ್ ಕಳಿಸಿದ ಮಾರನೇ ದಿನ ಬೆಳಿಗ್ಗೆ ಆರಕ್ಕೆ ಉತ್ತರ ಬಂತು. ಉತ್ತರ ಅನ್ನೋದಕ್ಕಿಂತ ಮೂರು ಪ್ರಶ್ನೆ.

ಒಂದು, ಆ ಮ್ಯಾಂಡೇಟರಿ ಫಿನಿಶ್ ತೆಗೆದರೆ ಮುಗಿಯುವ ದಿನ ಯಾವುದು ತೋರಿಸುತ್ತದೆ? ಎರಡು, ಕ್ಯೂರಿಂಗ್ ಯಾವ ಕ್ಯಾಲೆಂಡರಿನಲ್ಲಿ ಇದೆ? ಮೂರು, ಸೈಟಿನಲ್ಲಿ ಸೆಂಟ್ರಿಂಗ್ ಎಷ್ಟು ಸೆಟ್ ಉಂಟು ಮಾರಾಯ?

ಮೊದಲನೆಯದಕ್ಕೆ ಅವನು ಅಲ್ಲೇ ಬೆವೆತ. ಆ ಗೂಟ ಕಿತ್ತು ಷೆಡ್ಯೂಲನ್ನು ಮತ್ತೆ ಓಡಿಸಿದರೆ ಮುಗಿಯುವ ದಿನ 11 ದಿನ ಮುಂದೆ ಹೋಯಿತು. ಅಂದರೆ ಅವನ ಪ್ಲಾನ್ ಅಷ್ಟು ದಿನದಿಂದ ಒಂದು ಸುಳ್ಳನ್ನು ನೀಟಾಗಿ ತೋರಿಸುತ್ತಿತ್ತು. ಸಾಫ್ಟ್‌ವೇರಿನ ತಪ್ಪೇನಿಲ್ಲ. ಈ ದಿನಕ್ಕೇ ಮುಗಿಯಬೇಕು ಅಂತ ಹೇಳಿದರೆ ಅದು ಅದನ್ನೇ ತೋರಿಸುತ್ತದೆ.

ಎರಡನೆಯದು ಸಣ್ಣದು, ಆದರೆ ನನಗೆ ತುಂಬಾ ಇಷ್ಟವಾದದ್ದು. ವಾರಕ್ಕೆ ಆರು ದಿನದ ಕೆಲಸದ ಕ್ಯಾಲೆಂಡರಿನಲ್ಲೇ ಕ್ಯೂರಿಂಗನ್ನೂ ಕೂರಿಸಿದ್ದ. ಹಾಗಾಗಿ ನಡುವೆ ಭಾನುವಾರ ಬಂದು 7 ದಿನದ ಕ್ಯೂರಿಂಗ್ 8 ದಿನ ಆಗಿತ್ತು. "ಕೂಲಿಯವರಿಗೆ ಭಾನುವಾರ ರಜೆ, ಕಾಂಕ್ರೀಟ್‌ಗೆ ಇಲ್ಲ" ಅಂತ ಬರೆದಿದ್ದರು. ಇದನ್ನು ಯೂಟ್ಯೂಬ್ ಪಾಠದಲ್ಲೂ ಹೇಳುತ್ತಾರೆ, ಆದರೆ ಅಲ್ಲಿ "ಕ್ಯಾಲೆಂಡರ್ ಅಸೈನ್ ಮಾಡುವುದು ಹೇಗೆ" ಅಂತ ಬಟನ್ ತೋರಿಸುತ್ತಾರೆ. ಯಾಕೆ ಅನ್ನೋದು ಹೀಗೆ ಒಬ್ಬರು ಹೇಳಿದಾಗಲೇ ತಲೆಯಲ್ಲಿ ಕೂರೋದು.

ಮೂರನೆಯದು ನಿಜವಾದ ಏಟು. ಸೈಟಿನಲ್ಲಿ ಇರುವುದು ಎರಡು ಸೆಟ್. ಒಂಬೈನೂರು ಸಾಲಿನಲ್ಲಿ ಆ "ಎರಡು" ಎಲ್ಲೂ ಇರಲಿಲ್ಲ.

ಯಾಕೆ ಮುಖ್ಯ ಅಂದರೆ, ಮೋಲ್ಡ್ ಹಾಕಿದ ಮಾರನೇ ದಿನ ಸೆಂಟ್ರಿಂಗ್ ಬಿಚ್ಚೋಕಾಗಲ್ಲ. ಐಎಸ್ 456 ಅನ್ನೋ 2000ನೇ ಇಸವಿಯ ಭಾರತೀಯ ಮಾನದಂಡದಲ್ಲಿ ಇದಕ್ಕೊಂದು ಪಟ್ಟಿಯೇ ಇದೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಆದರೆ, 6 ಮೀಟರ್‌ವರೆಗಿನ ಬೀಮುಗಳ ಕೆಳಗಿನ ಪ್ರಾಪ್ಸ್ 14 ದಿನ ಇರಬೇಕು, ಅದಕ್ಕಿಂತ ಉದ್ದ ಆದರೆ 21 ದಿನ. ಇವನ ಟವರಿನಲ್ಲಿ 6 ಮೀಟರ್ ಒಳಗೇ ಇವೆ. ಈಗ ಲೆಕ್ಕ ಹಾಕಿ, ಭಾನುವಾರದ ಗೊಡವೆ ಬೇಡ. ಒಂದು ಸೆಟ್ ಕಟ್ಟೋಕೆ 4 ದಿನ, ಕಂಬಿಗೆ 3, ಮೋಲ್ಡಿಗೆ 1, ಆಮೇಲೆ 14 ದಿನ ನಿಲ್ಲಬೇಕು, ಬಿಚ್ಚೋಕೆ 1. ಒಟ್ಟು 23 ದಿನ ಅದು ಅಲ್ಲೇ ಸಿಕ್ಕಿಹಾಕಿಕೊಂಡಿರುತ್ತೆ. ಎರಡು ಸೆಟ್ ಅಂದರೆ 23 ದಿನಕ್ಕೆ ಎರಡೇ ಸ್ಲ್ಯಾಬ್, ಪ್ಲಾನಿನಲ್ಲಿ ಇರೋದು 20 ದಿನಕ್ಕೆ ಎರಡು. ಹೀಗೆ ಜಾರುತ್ತಾ ಹೋದರೆ 14ನೇ ಸ್ಲ್ಯಾಬಿನ ಸೆಂಟ್ರಿಂಗ್ ಶುರುವಾಗಬೇಕಿದ್ದು 130ನೇ ದಿನ, ಶುರುವಾಗೋದು 148ನೇ ದಿನ. ಹದಿನೆಂಟು ದಿನ! ಮೊದಲಿನ ಹನ್ನೊಂದು ಬೇರೆ.

ಹುಡುಗ ಗಾಬರಿಬಿದ್ದು ಲೆಕ್ಕವನ್ನೆಲ್ಲ ಪುತ್ತೂರಿಗೆ ಕಳಿಸಿದ: "ಸರ್, ಇದು ಸರಿನಾ?" ಬಂದ ಉತ್ತರ ಚಿಕ್ಕದು. "ಲೆಕ್ಕ ಸರಿ ಉಂಟು. ಆದರೆ ನನ್ನನ್ನು ಕೇಳಬೇಡ, ನಿಮ್ಮ ಸೆಂಟ್ರಿಂಗ್ ಮೇಸ್ತ್ರಿಯನ್ನು ಕೇಳು. ಅವರು ಹೇಳಿದ್ದನ್ನು ನನಗೂ ಹೇಳು."

ಎಂಟು ತಿಂಗಳಲ್ಲಿ ಇವನು ಆ ಮೇಸ್ತ್ರಿ ಹತ್ತಿರ ಮಾತಾಡಿದ್ದು ಅಟೆಂಡೆನ್ಸಿಗೆ ಮಾತ್ರ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕೂತ. ಮೇಸ್ತ್ರಿ ನಕ್ಕರಂತೆ. "ಇಡೀ ಸೆಟ್ ಯಾಕೆ ಸಾರ್ ಹದಿನಾಲ್ಕು ದಿನ ಬಿಡ್ತೀವಿ? ಶೀಟು ಬೇಗ ಬಿಚ್ಕೋತೀವಿ, ಪ್ರಾಪ್ಸ್ ಮಾತ್ರ ನಿಂತಿರುತ್ತೆ. ಕಡಿಮೆ ಬೀಳೋದು ಪ್ರಾಪ್ಸೇ." ಮತ್ತೆ ಐಎಸ್ 456 ತೆಗೆದು ನೋಡಿದರೆ ಅಲ್ಲೂ ಹಾಗೇ ಇದೆ: ಪ್ರಾಪ್ಸನ್ನು ತಕ್ಷಣ ವಾಪಸ್ ಕೊಡುವುದಾದರೆ ಸ್ಲ್ಯಾಬಿನ ತಳದ ಶೀಟನ್ನು 3 ದಿನಕ್ಕೆ, ಬೀಮಿನ ತಳದ್ದನ್ನು 7 ದಿನಕ್ಕೆ ಬಿಚ್ಚಬಹುದು. ಹಾಗಾದರೆ ಶೀಟಿನ ಸುತ್ತು 23 ದಿನ ಅಲ್ಲ, 16 ದಿನ. ಎರಡು ಸೆಟ್ ಶೀಟು ಹತ್ತು ದಿನದ ಲೆಕ್ಕಕ್ಕೆ ಧಾರಾಳ ಸಾಕು. ಬೇಕಾಗಿರೋದು ಇನ್ನೊಂದು ಮಹಡಿಗೆ ಆಗುವಷ್ಟು ಪ್ರಾಪ್ಸ್, ಬಾಡಿಗೆಗೆ.

ಗಮನಿಸಿ, ಪುತ್ತೂರಿನವರಿಗೆ ಈ ಸೈಟಿನ ಸಂಗತಿ ಗೊತ್ತಿರಲಿಲ್ಲ. ಯಾವ ಪ್ರಶ್ನೆ ಕೇಳಬೇಕು ಅನ್ನೋದು ಗೊತ್ತಿತ್ತು. ಮೇಸ್ತ್ರಿಗೆ ಉತ್ತರ ಗೊತ್ತಿತ್ತು, ಅವರನ್ನು ಯಾರೂ ಕೇಳಿರಲಿಲ್ಲ. ದೂರದ ಹಿರಿಯರಿಂದ ಸಿದ್ಧ ಉತ್ತರ ನಿರೀಕ್ಷಿಸುವವರಿಗೆ ನಿರಾಸೆಯಾಗೋದು ಇಲ್ಲೇ ಅನ್ನಿಸುತ್ತೆ. ಗಲ್ಫಿನ ಅನುಭವ ಇಲ್ಲಿಗೆ ಹಾಗೇ ಒಗ್ಗೋದೂ ಇಲ್ಲ. ಅಲ್ಲಿ ಚಾಲ್ತಿಯಲ್ಲಿರುವ ಫಿಡಿಕ್ ಮಾದರಿಯ ಕರಾರುಗಳನ್ನೇ ನೋಡಿ. 1999ರ ಆವೃತ್ತಿಯಲ್ಲಿ, ಕೆಲಸ ಶುರು ಮಾಡಿ ಅನ್ನುವ ನೋಟಿಸ್ ಸಿಕ್ಕ 28 ದಿನದೊಳಗೆ ಗುತ್ತಿಗೆದಾರ ವಿವರವಾದ ಪ್ರೋಗ್ರಾಂ ಕೊಡಬೇಕು. ಅಲ್ಲಿ ಷೆಡ್ಯೂಲ್ ಅನ್ನೋದು ಕಾನೂನಿನ ಕಾಗದದಷ್ಟೇ ಗಂಭೀರ. ಇವನ ಸೈಟಿನಲ್ಲಿ ಅದು ಮೀಟಿಂಗಿಗೆ ಮುಂಚಿನ ರಾತ್ರಿ ಪ್ರಿಂಟ್ ಆಗುವ ಬಣ್ಣದ ಹಾಳೆ. ಯಾರು ಎಲ್ಲಿ ನಿಂತು ಹೇಳುತ್ತಿದ್ದಾರೆ ಅನ್ನೋದನ್ನು ನೋಡಿಕೊಂಡೇ ಕೇಳಿಸಿಕೊಳ್ಳಬೇಕು.

ಒಂದು ಎಚ್ಚರಿಕೆ. ಅವನು ಮೊದಲು ಇಡೀ ಫೈಲನ್ನೇ ಅಪ್‌ಲೋಡ್ ಮಾಡೋಕೆ ಹೊರಟಿದ್ದ. ಅದರಲ್ಲಿ ಕಂಪನಿ ಹೆಸರು, ಗ್ರಾಹಕರ ಹೆಸರು, ರೇಟು ಎಲ್ಲ ಇತ್ತು. ಕೈ ಹಿಡಿದು ನಿಲ್ಲಿಸಿದೆ. ಒಂದು ಮಹಡಿಗೆ ಇಳಿಸೋದರ ಇನ್ನೊಂದು ಲಾಭ ಇದು, ಬಚ್ಚಿಡಬೇಕಾದ್ದು ತಾನಾಗೇ ಹೊರಗೆ ಉಳಿಯುತ್ತೆ.

ಓದೋಕೆ ಏನಾದರೂ ಬೇಕು ಅನ್ನುವವರಿಗೆ ಅವರು ಸೂಚಿಸಿದ್ದು ಎರಡು, ಎರಡೂ ಪುಕ್ಕಟೆ. ಅಮೆರಿಕದ ಜಿಎಒ ಸಂಸ್ಥೆ 2015ರಲ್ಲಿ ತಂದ ಷೆಡ್ಯೂಲ್ ಅಸೆಸ್‌ಮೆಂಟ್ ಗೈಡ್, ಮತ್ತೆ ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ ತಂದಿರುವ ಡಿಲೇ ಅಂಡ್ ಡಿಸ್ರಪ್ಶನ್ ಪ್ರೊಟೊಕಾಲ್, 2017ರ ಎರಡನೇ ಆವೃತ್ತಿ. ಮೊದಲನೆಯದರ ಐವತ್ತು ಪುಟ ನಾನೂ ಓದಿದೆ. ಕಟ್ಟಡದ ಬದಲು ಸಾಫ್ಟ್‌ವೇರ್ ರಿಲೀಸ್ ಅಂತ ಇಟ್ಟುಕೊಂಡು ಓದಿದರೆ ನಮ್ಮ ಟೀಮಿನ ಬಂಡವಾಳವೂ ಬಯಲಾಗುತ್ತೆ. ಎಲ್ಲ ಕೆಲಸವೂ ಒಬ್ಬನೇ ಟೆಸ್ಟರ್ ಮುಂದೆ ಕ್ಯೂ ನಿಲ್ಲುತ್ತೆ ಅನ್ನೋದು ನಮ್ಮ ಚಾರ್ಟಿನಲ್ಲೂ ಇಲ್ಲ.

ಪುತ್ತೂರಿನವರಿಗೆ ಅವನು ಮೇಸ್ತ್ರಿ ಹೇಳಿದ್ದನ್ನು ಬರೆದು ಕಳಿಸಿದ. ಇದನ್ನೂ ತುಂಬಾ ಜನ ಮಾಡಲ್ಲ. ಉತ್ತರ ಸಿಕ್ಕ ತಕ್ಷಣ ಒಂದು ಕೈಮುಗಿಯುವ ಇಮೋಜಿ, ಆಮೇಲೆ ನಾಪತ್ತೆ. ಹೇಳಿಕೊಟ್ಟವರಿಗೆ ಅದು ಫಲಿಸಿತೋ ಇಲ್ಲವೋ ಗೊತ್ತೇ ಆಗಲ್ಲ. ಇವನು ತಿಳಿಸಿದ್ದಕ್ಕೆ ಅವರು ಖುಷಿಯಾಗಿ ಫೋನ್ ನಂಬರೇ ಕೊಟ್ಟರು, ಜೊತೆಗೆ ಒಂದು ಕೆಲಸವನ್ನೂ ಕೊಟ್ಟರು: ಪ್ರತಿ ಸ್ಲ್ಯಾಬಿಗೆ ನಿಜವಾಗಿ ಎಷ್ಟು ದಿನ ಹಿಡಿಯಿತು, ಯಾಕೆ ತಡವಾಯಿತು, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ನಾಲ್ಕು ಸ್ಲ್ಯಾಬ್ ಆದಮೇಲೆ ಯಾರ ಟೆಂಪ್ಲೇಟೂ ಬೇಡ.

ಮೀಟಿಂಗಿನಲ್ಲಿ ಅವನು ಗೂಟ ಕಿತ್ತ ಷೆಡ್ಯೂಲನ್ನೇ ತೋರಿಸಿದ. ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ. ಕೆಲಸ ಹೋದರೆ ಬೈಕಿನ ಇಎಂಐ ಕಟ್ಟೋದು ಹೇಗೆ ಅಂತ ನನಗೆ ಎರಡು ಸಲ ಮೆಸೇಜ್ ಮಾಡಿದ್ದ. ಮ್ಯಾನೇಜರ್ ಮೊದಲು ಸಿಡುಕಿದರಂತೆ, ನಾನು ಕೊಟ್ಟ ದಿನಾಂಕ ಎಲ್ಲಿ ಹೋಯ್ತು ಅಂತ. ಇವನು ಪ್ರಾಪ್ಸ್ ಲೆಕ್ಕದ ಹಾಳೆ ಮುಂದಿಟ್ಟ. "ಇದು ಯಾರು ಹೇಳಿದ್ದು?" "ನಮ್ಮ ಸೆಂಟ್ರಿಂಗ್ ಮೇಸ್ತ್ರಿ, ಸರ್." ಅಲ್ಲೇ ಮೇಸ್ತ್ರಿಗೆ ಫೋನ್ ಹೋಯಿತು. ಎರಡು ನಿಮಿಷ ಮಾತು. ಫೋನ್ ಇಟ್ಟು, ಪ್ರಾಪ್ಸ್ ಬಾಡಿಗೆಗೆ ಮೂರು ಕಡೆಯಿಂದ ಕೊಟೇಶನ್ ತರಿಸು ಅಂದರು. ಹದಿನೆಂಟು ದಿನ ಬಚಾವ್.

ಹನ್ನೊಂದು ದಿನ ಇನ್ನೂ ಹಾಗೇ ಇದೆ. ಅದು ಲಿಫ್ಟ್ ಕೆಲಸ ಮತ್ತೆ ಹೊರಗಿನ ಪ್ಲಾಸ್ಟರಿಂಗ್ ನಡುವೆ ಎಲ್ಲೋ ಸಿಕ್ಕಿಕೊಂಡಿದೆಯಂತೆ. ಮೊನ್ನೆ ರಾತ್ರಿ ಫೋನ್ ಮಾಡಿ, ಪ್ರಶ್ನೆಯನ್ನು ಆರು ಸಾಲಿಗೆ ಇಳಿಸಿ ಕಳಿಸಿದ್ದೀನಿ ಅಂದ. ಆದರೆ ಅಲ್ಲಿ ಈಗ ಮಳೆ ಬಿಟ್ಟಿದೆ, ಅಡಿಕೆಗೆ ಔಷಧಿ ಹೊಡೆಯೋ ಗಡಿಬಿಡಿ. ಸರ್ ಉತ್ತರ ಎರಡು ದಿನ ಲೇಟಾಗಬಹುದಂತೆ.