ಸವೆದ ಹೆಬ್ಬೆರಳಿನ ಪಾಲೆಷ್ಟು?

ಬೆಳಗಾವಿ ಜಿಲ್ಲೆಯ ನಮ್ಮೂರಿನಲ್ಲಿ ನಿವೃತ್ತ ಹವಾಲ್ದಾರರೊಬ್ಬರು ಎಪ್ಪತ್ತು ದಾಟಿ ತೀರಿಕೊಂಡರು. ಮಾಜಿ ಸೈನಿಕರ ಸಂಘದವರು ಟ್ರಂಕಿನಿಂದ ಟೋಪಿ ತೆಗೆದು ಹಾಕಿಕೊಂಡು, ಎದೆಗೆ ಪದಕ ಸಿಕ್ಕಿಸಿಕೊಂಡು ಬಂದು ಸೆಲ್ಯೂಟ್ ಹೊಡೆದರು. ಪಂಚಾಯಿತಿಯವರು ಹಾರ ಹಾಕಿದರು. ಮಣ್ಣು ಮುಗಿಯಿತು. ಮುಂದಿನ ತಿಂಗಳು ಪಿಂಚಣಿ ನಿಂತಿತು.

ಆಮೇಲಿನ ಓಡಾಟದಲ್ಲಿ ಅವರ ಹೆಂಡತಿಯ ಜೊತೆ ನಾನಿದ್ದೆ. ಆಧಾರ್ ಕಾರ್ಡಿನಲ್ಲಿ ಆಕೆಯ ಹೆಸರಿನ ಕೊನೆಗೆ ‘ಅವ್ವ’ ಇದೆ. ನಲವತ್ತು ವರ್ಷಗಳ ಹಿಂದೆ ಪಲ್ಟನ್ನಿನ ಗುಮಾಸ್ತನೊಬ್ಬ ಅದನ್ನು ‘ಬಾಯಿ’ ಎಂದು ಬರೆದುಕೊಂಡಿದ್ದ. ಅವ್ವನೂ ಬಾಯಿಯೂ ಒಬ್ಬಳೇ ಎಂದು ತೋರಿಸಲು ಬಾಂಡ್ ಪೇಪರ್, ನೋಟರಿ, ಇಬ್ಬರೂ ಇರುವ ಫೋಟೊ, ಡಿಸ್ಚಾರ್ಜ್ ಬುಕ್ಕಿನ ಜೆರಾಕ್ಸ್ ಎಲ್ಲ ಬೇಕಾದವು. ಬರುವ ತಿಂಗಳು, ಬರುವ ತಿಂಗಳು ಎನ್ನುತ್ತ ಆರು ತಿಂಗಳು ಕಳೆಯಿತು. ಕೊನೆಗೆ ಪಾಸ್‌ಬುಕ್ಕಿನಲ್ಲಿ ಬಿದ್ದ ಮೊತ್ತ ಓದಿ ಹೇಳಿದೆ. ಆಕೆ ಕೇಳಿದ್ದು ಒಂದೇ ಮಾತು: “ಅವ್ರ ಹೋದ್ರಂತ ಗೊಬ್ಬರದ ಚೀಲದ ರೇಟ ಇಳದೈತೇನ್ರಿ?”

ಈ ಪ್ರಶ್ನೆಗೆ ಸರ್ಕಾರದ ಬಳಿ ಉತ್ತರವಿಲ್ಲ, ಕೋಷ್ಟಕವಿದೆ. ಸೈನಿಕನ ಪಿಂಚಣಿ ಸುಮಾರಾಗಿ ಕೊನೆಯ ಸಂಬಳದ ಶೇ 50. ಅವನು ಕಣ್ಣು ಮುಚ್ಚಿದ ಮೇಲೆ ಹೆಂಡತಿಗೆ ಸಿಗುವ ಸಾಮಾನ್ಯ ಕುಟುಂಬ ಪಿಂಚಣಿ ಶೇ 30. ಮೂಲ ಪಿಂಚಣಿ 20,000 ರೂಪಾಯಿ ಬರುತ್ತಿದ್ದ ಮನೆಗೆ ಇನ್ನು 12,000. ಮಾಜಿ ಸೈನಿಕ 67 ತುಂಬುವ ಮೊದಲೇ ಹೋದರೆ ಕೆಲವು ಕಾಲ, ಹೆಚ್ಚೆಂದರೆ ಏಳು ವರ್ಷ, ಹೆಚ್ಚಿನ ದರ ಸಿಗುತ್ತದೆ. 67 ದಾಟಿ ಹೋದರೆ ಮಾರನೆಯ ದಿನದಿಂದಲೇ ಕತ್ತರಿ. ಸೇವೆಯ ಕಾರಣದಿಂದ ಸಾವು ಬಂದಿದ್ದರೆ ಶೇ 60, ಶತ್ರುವಿನ ಗುಂಡಿಗೆ ಬಿದ್ದಿದ್ದರೆ ಪೂರ್ತಿ ಸಂಬಳ.

ಗುಂಡಿಗೆ ಎದೆಯೊಡ್ಡಿದವನ ಮನೆಗೆ ಪೂರ್ತಿ ಸಂಬಳ ಹೋಗಲಿ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇಡೀ ಲೆಕ್ಕದ ತಳಹದಿಯ ಬಗ್ಗೆ. ಗಂಡ ಹೇಗೆ ಸತ್ತ ಎಂಬುದಕ್ಕೆ ಇಲ್ಲಿ ದರಪಟ್ಟಿ ಇದೆ. ಅವನು ಪಲ್ಟನ್ನಿನಲ್ಲಿದ್ದ ಅಷ್ಟೂ ವರ್ಷ ಹೆಂಡತಿ ಏನು ಮಾಡುತ್ತಿದ್ದಳು ಎಂಬ ಕಾಲಮ್ಮೇ ಇಲ್ಲ. ನಮ್ಮೂರಿನ ಆಕೆ ಏನು ಮಾಡುತ್ತಿದ್ದಳೆಂದು ಊರಿಗೇ ಗೊತ್ತು. ಗಂಡ ವರ್ಷಕ್ಕೆ ಎರಡು ತಿಂಗಳ ರಜೆಗೆ ಬರುತ್ತಿದ್ದ. ಉಳಿದ ಹತ್ತು ತಿಂಗಳು ರಾತ್ರಿ ಕರೆಂಟು ಬಂದಾಗ ಟಾರ್ಚು ಹಿಡಿದು ಕಬ್ಬಿಗೆ ನೀರು ಬಿಟ್ಟವಳು, ಅತ್ತೆಯ ಹಾಸಿಗೆ ಒಗೆದವಳು, ಮಕ್ಕಳ ಜ್ವರಕ್ಕೆ ಬಸ್ಸು ಹತ್ತಿದವಳು ಆಕೆ. ಮನೆಯ ಚಿಂತೆ ಬಿಟ್ಟು ಅವನು ಗಡಿ ಕಾಯಲು ಸಾಧ್ಯವಾದದ್ದು ಇದರಿಂದ. ಹಾಗಾಗಿ ಕುಟುಂಬ ಪಿಂಚಣಿ ವಿಧವೆಗೆ ಹಾಕುವ ಭಿಕ್ಷೆಯಲ್ಲ, ತಡವಾಗಿ ಬರುವ ಅವಳದೇ ಕೂಲಿ. ಕೂಲಿಯಲ್ಲಿ ಐದರಲ್ಲಿ ಎರಡು ಪಾಲು ಮುರಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಶೇ 50 ಅವಳಿಗೂ ಕೊನೆಯವರೆಗೆ ಸಿಗಬೇಕು.

ಒಬ್ಬರ ಖರ್ಚು ಇಬ್ಬರಷ್ಟು ಇರುವುದಿಲ್ಲವಲ್ಲ ಎನ್ನುತ್ತಾರೆ. ಊಟದ ತಟ್ಟೆ ಒಂದು ಕಡಿಮೆಯಾಗುತ್ತದೆ, ನಿಜ. ಹೆಂಚು ಸೋರುವುದು ಕಡಿಮೆಯಾಗುವುದಿಲ್ಲ, ಗಂಡ ಮಾಡುತ್ತಿದ್ದ ಕೆಲಸಕ್ಕೆ ಈಗ ಆಳು ಹಿಡಿಯಬೇಕು. ಸಿವಿಲ್ ನೌಕರರ ಕುಟುಂಬಕ್ಕೂ ಶೇ 30 ತಾನೇ ಎಂಬ ವಾದವೂ ಇದೆ. ಆದರೆ ಗುಮಾಸ್ತ ಅರವತ್ತರವರೆಗೆ ದುಡಿಯುತ್ತಾನೆ. ಸೇನೆ ಸದಾ ಹರೆಯದ್ದಾಗಿರಬೇಕೆಂದು ಸಿಪಾಯಿಯನ್ನು ನಲವತ್ತರ ಆಸುಪಾಸಿನಲ್ಲೇ ಮನೆಗೆ ಕಳಿಸುತ್ತೇವೆ. ಸಂಬಳ ಏರುವ ವರ್ಷಗಳನ್ನು ಕಿತ್ತುಕೊಂಡು, ಆ ಸಣ್ಣ ಸಂಬಳದ ಮೇಲೆಯೇ ಅವನ ಹೆಂಡತಿಯ ಮುಪ್ಪನ್ನು ಅಳೆಯುತ್ತೇವೆ.

ಇನ್ನು ದುಡ್ಡಿನ ಮಾತು. 2025–26ರ ಬಜೆಟ್ಟಿನಲ್ಲಿ ರಕ್ಷಣಾ ಪಿಂಚಣಿಗೆ ಇಟ್ಟದ್ದು ಸುಮಾರು 1.6 ಲಕ್ಷ ಕೋಟಿ ರೂಪಾಯಿ, ಪಡೆಯುವವರು 34 ಲಕ್ಷಕ್ಕೂ ಹೆಚ್ಚು. ದೊಡ್ಡ ಮೊತ್ತವೇ. ಆದರೆ ಅದರಲ್ಲಿ ರಕ್ಷಣಾ ಇಲಾಖೆಯ ಸಿವಿಲಿಯನ್ ನೌಕರರ ಪಿಂಚಣಿಯೂ ಸೇರಿದೆ. ಒಟ್ಟು ಮೊತ್ತ ತೋರಿಸಿ ವಿಧವೆಯ ಬಾಯಿ ಮುಚ್ಚಿಸುವುದು ನ್ಯಾಯವಲ್ಲ.

ಪಿಂಚಣಿ ದರಗಳ ಈ ಏಣಿಗೆ 2022ರಲ್ಲಿ ಇನ್ನೊಂದು ಮೆಟ್ಟಿಲು ಸೇರಿತು, ಎಲ್ಲಕ್ಕಿಂತ ಕೆಳಗೆ. ಅಲ್ಪಾವಧಿಗೆ ಸೇನೆ ಸೇರಿ ಕರ್ತವ್ಯದಲ್ಲಿ ಮಡಿದ ಅಗ್ನಿವೀರನ ಮನೆಗೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ, ಬಾಕಿ ಸೇವೆಯ ಸಂಬಳ ಎಲ್ಲ ಇದೆ. ತಿಂಗಳ ಪಿಂಚಣಿ ಮಾತ್ರ ಇಲ್ಲ. ಅಗ್ನಿವೀರರಾಗಿ ಸೇರುವವರು ಅವಿವಾಹಿತರೇ ಆಗಿರಬೇಕಾದ್ದರಿಂದ ಹಿಂದೆ ಉಳಿಯುವವರು ಅಪ್ಪ ಅಮ್ಮ. ಇಡಿಗಂಟು ಬಂದ ಮನೆಗೆ ನೆಂಟರೂ ಬರುತ್ತಾರೆ, ಹಿಂದೆ ಸಾಲ ಕೊಟ್ಟವರೂ ಬರುತ್ತಾರೆ. ತಿಂಗಳು ತಿಂಗಳು ಬರುವ ದುಡ್ಡಿಗೆ ಇರುವ ಭದ್ರತೆ ಅದಕ್ಕಿಲ್ಲ. ಇವರಿಗೂ ಕಾಯಂ ಸೈನಿಕನ ಕುಟುಂಬಕ್ಕೆ ಸಿಗುವುದೆಲ್ಲ ಸಿಗಬೇಕೆಂದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೇ 2024ರಲ್ಲಿ ಶಿಫಾರಸು ಮಾಡಿತು. ಒಂದೇ ಬಂಕರಿನಲ್ಲಿ ಸತ್ತ ಇಬ್ಬರ ತಾಯಂದಿರಿಗೆ ಎರಡು ನ್ಯಾಯ ಯಾಕೆ ಎಂದು ಹೇಳುವ ಹೊಣೆ ಈಗ ಸರ್ಕಾರದ್ದು.

ದರ ಬದಲಿಸಲು ದೆಹಲಿಯೇ ಬೇಕು. ಕಾಗದದ ಕಾಟ ತಪ್ಪಿಸಲು ಅಷ್ಟು ದೂರ ಹೋಗಬೇಕಿಲ್ಲ. ಸೈನಿಕ ಬದುಕಿರುವಾಗಲೇ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ಊರೂರಿಗೆ ಬಂದು ಪಿಂಚಣಿ ಪಾವತಿ ಆದೇಶ (ಪಿಪಿಒ), ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಂಡತಿಯ ಹೆಸರು ಒಂದೇ ಇದೆಯೇ ಎಂದು ನೋಡಿ ಸರಿಪಡಿಸಲಿ. ಮಣ್ಣಿನ ದಿನ ಹಾರ ತರುವುದಕ್ಕಿಂತ ಇದು ದೊಡ್ಡ ಗೌರವ.

ಕಳೆದ ನವೆಂಬರಿನಲ್ಲಿ ಆಕೆಯನ್ನು ಜೀವಂತ ಪ್ರಮಾಣಪತ್ರ ಮಾಡಿಸಲು ಕರೆದೊಯ್ದಿದ್ದೆ. ಕಂಪ್ಯೂಟರ್ ಸೆಂಟರಿನ ಹುಡುಗ ಹೆಬ್ಬೆರಳು ಒತ್ತಿಸಿದ. ಯಂತ್ರ ಒಪ್ಪಲಿಲ್ಲ. ಒರೆಸಿ ಒತ್ತಿಸಿದ, ಎಣ್ಣೆ ಹಚ್ಚಿ ಒತ್ತಿಸಿದ. “ಗೆರೆನೇ ಇಲ್ಲ ಆಯಿ, ಎಲ್ಲಾ ಸವೆದಾವ” ಎಂದ. ಕೊನೆಗೆ ಮುಖದ ಫೋಟೊ ತೆಗೆದು ಕೆಲಸ ಮುಗಿಸಿದ. ಕುಡುಗೋಲು, ಸಲಿಕೆ, ಬೀಸುವ ಕಲ್ಲು ನಲವತ್ತು ವರ್ಷದಲ್ಲಿ ಆ ಗೆರೆಗಳನ್ನು ತಿಂದುಹಾಕಿದ್ದವು. ಆಕೆಯ ಸೇವೆಗೆ ಡಿಸ್ಚಾರ್ಜ್ ಬುಕ್ ಯಾರೂ ಕೊಟ್ಟಿಲ್ಲ. ಇರುವ ದಾಖಲೆ ಆ ಹೆಬ್ಬೆರಳು ಒಂದೇ.