ಬೋಳುಗುಡ್ಡ ಎಂಬ ಮಾತು



ನಿಸರ್ಗದ ಚೆಲುವಿನ ವಿಷಯದಲ್ಲಿ ಮಲೆನಾಡಿನವರಾದ ನಮಗೆ ಅಭಿಮಾನ ಸ್ವಲ್ಪ ಹೆಚ್ಚೇ. ಕಾಡು, ಮಳೆ, ಹಳ್ಳ ಇದ್ದರೆ ಚೆಲುವು, ಇಲ್ಲದಿದ್ದರೆ ಬರಡು. ಘಟ್ಟದ ಮೇಲಿನ ಕಾಫಿಯವರಿಗೂ ಘಟ್ಟದ ಕೆಳಗಿನ ಅಡಿಕೆಯವರಿಗೂ ಉಳಿದ ವಿಷಯಗಳಲ್ಲಿ ಎಷ್ಟೇ ವಾದವಿದ್ದರೂ ಇದೊಂದರಲ್ಲಿ ಒಮ್ಮತ. ಈ ಅಭಿಪ್ರಾಯವನ್ನು ನಾವು ತಿದ್ದಿಕೊಳ್ಳುವುದು ಒಳ್ಳೆಯದು. ನಮ್ಮ ತೋಟದ ನೀರೂ ಇದಕ್ಕೆ ಅಂಟಿಕೊಂಡಿದೆ.

ಸಂಘದ ಅಂಗಡಿಗೆ ತೊಗರಿ, ಕಡಲೆ ಕೊಳ್ಳುವ ಸಲುವಾಗಿ ವರ್ಷಕ್ಕೆ ಮೂರು ನಾಲ್ಕು ಬಾರಿ ನಾನು ಹುಮನಾಬಾದ್, ಬಸವಕಲ್ಯಾಣಗಳಿಗೆ ಹೋಗಬೇಕಾಗುತ್ತದೆ. "ಬೀದರಿನ ಕಡೆ ಏನಿದೆ ಮಾರಾಯರೆ, ಬಿಸಿಲು ಮತ್ತು ಕಲ್ಲು" ಎಂದು ಹೊರಡುವಾಗಲೆಲ್ಲ ಯಾರಾದರೊಬ್ಬರು ಹೇಳುವುದುಂಟು. ಮೇ ತಿಂಗಳಲ್ಲಿ ಹೋದವರಿಗೆ ಹಾಗೆ ಕಂಡರೆ ತಪ್ಪಿಲ್ಲ. ಆಗಸ್ಟ್-ಸೆಪ್ಟೆಂಬರಿನಲ್ಲಿ ಹೋಗಿ ನೋಡಬೇಕು. ಕಲಬುರಗಿಯ ಕಪ್ಪು ನೆಲ ಬಿಟ್ಟು, ಕೆಂಪು ಬಾಳೆಗೆ ಹೆಸರಾದ ಕಮಲಾಪುರ ದಾಟಿ, ರಸ್ತೆ ಹುಮನಾಬಾದಿನತ್ತ ಏರತೊಡಗಿದರೆ ಗುಡ್ಡದ ನೆತ್ತಿಗಳ ತುಂಬ ಎಳೆ ಹುಲ್ಲು. ರಸ್ತೆಯಂಚಿಗೆ ತಂಗಡಿಯ ಹಳದಿ ಹೂವು. ತಗ್ಗಿನಲ್ಲಿ ಉದ್ದು, ತೊಗರಿ, ಸೋಯಾ ಹೊಲಗಳು. ಆಕಾಶ ಎಷ್ಟು ದೊಡ್ಡದೆಂದು ಮರಗಳ ನಡುವೆ ಬೆಳೆದ ನಮಗೆ ಅಲ್ಲಿಯೇ ತಿಳಿಯುವುದು. ಹತ್ತು ಮೈಲಿ ದೂರದ ಮಳೆ ಹೊಲ ದಾಟಿ ಬರುವುದನ್ನು ನಿಂತಲ್ಲಿಂದಲೇ ನೋಡಬಹುದು.

ಬಸವಕಲ್ಯಾಣವೆಂದರೆ ಚಾಲುಕ್ಯರ ರಾಜಧಾನಿ, 12ನೆಯ ಶತಮಾನದ ಶರಣರ ಊರು ಎಂದಷ್ಟೇ ನಮಗೆ ಗೊತ್ತು. ಅಲ್ಲಿಯ ತ್ರಿಪುರಾಂತಕ ಕೆರೆಯ ದಂಡೆಯಲ್ಲಿ ಸಂಜೆ ಅರ್ಧ ಗಂಟೆ ಕೂತವರು ಬೇಗ ಎದ್ದು ಬರಲಾರರು. ಚಳಿ ಮುಗಿಯುವ ಹೊತ್ತಿಗೆ ಎಲೆಯಿಲ್ಲದ ಮುತ್ತುಗದ ಮರಗಳು ಕೆಂಪಾಗಿ ಹೂ ಬಿಡುತ್ತವೆ. ಜಿಲ್ಲೆಯ ಹುಲ್ಲುಗಾವಲುಗಳಲ್ಲಿ ಇಂದಿಗೂ ಚಿಗರಿಗಳಿವೆ. ಇಷ್ಟೆಲ್ಲ ಆಗುವುದು ವರ್ಷಕ್ಕೆ ಸುಮಾರು 35 ಅಂಗುಲ ಮಳೆಯಲ್ಲಿ. ನಮ್ಮಲ್ಲಿ ಜುಲೈ ಒಂದೇ ತಿಂಗಳಿನಲ್ಲಿ ಅಷ್ಟು ಬಂದುಹೋಗುವುದುಂಟು.

ಇನ್ನು ಆ ಕೆಂಪು ನೆಲದ ವಿಚಾರ. ಅದು ಬೇರೇನೂ ಅಲ್ಲ, ನಮ್ಮ ಜಂಬಿಟ್ಟಿಗೆ, ಕರಾವಳಿಯವರ ಮುರಕಲ್ಲು. ಬುಕಾನನ್ ಎಂಬಾತ ಮಲಬಾರಿನಲ್ಲಿ ಈ ಕಲ್ಲನ್ನು ನೋಡಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಬೀದರ್ ಸೀಮೆಯಲ್ಲಿ ಈ ಪದರ ಕರಿಕಲ್ಲಿನ ಮೇಲೆ ಟೋಪಿಯಂತೆ ಕೂತಿದೆ. ಹುಲ್ಲಿನ ಬೇರು ಹಿಡಿದು ನಿಲ್ಲಿಸಿದ ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿಯುತ್ತದೆ, ಕೆಳಗಿನ ಜೇಡಿ ಮತ್ತು ಕರಿಕಲ್ಲಿಗೆ ತಾಗಿ ನಿಲ್ಲುತ್ತದೆ, ಗುಡ್ಡದ ಅಂಚಿನಲ್ಲಿ ಒಸರುತ್ತದೆ. ಬೀದರಿನ ನಾನಕ್ ಝೀರಾ, ನರಸಿಂಹ ಝರಣಿಗಳು ಇಂಥ ಒರತೆಗಳೇ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ಪರ್ಷಿಯಾದ ವಿದ್ಯೆ ತಿಳಿದವರಿಂದ ಈ ಪದರದಲ್ಲಿ ಕರೇಜ್ ಎಂಬ ನೆಲದೊಳಗಿನ ಕಾಲುವೆ ತೋಡಿಸಿದರು. ನೌಬಾದಿನಲ್ಲಿ ಅದನ್ನು ಈಗಲೂ ನೋಡಬಹುದು.

ಕಾಸರಗೋಡು, ಬಂಟ್ವಾಳ, ಪುತ್ತೂರು ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ಓದುವಾಗಲೇ ತಮ್ಮ ಮನೆಯ ಹಿಂದಿನ ಸುರಂಗ ನೆನಪಾಗಿರಬೇಕು. ಅದೇ ಕಲ್ಲು, ಅದೇ ಉಪಾಯ. ಪಂಪು ಬೇಡ, ಕರೆಂಟು ಬೇಡ. ಗುಡ್ಡ ಕುಡಿದದ್ದು ತೋಟಕ್ಕೆ ಹರಿಯುತ್ತದೆ. ಆದರೆ ಗುಡ್ಡ ಕುಡಿಯಬೇಕಲ್ಲ!

ಅದೇ ಈಗಿನ ತೊಡಕು. ತೋಟದ ಮೇಲಿನ ಹುಲ್ಲಿನ ನೆತ್ತಿಯನ್ನು ನಾವು "ಬೋಳುಗುಡ್ಡ" ಎಂದು ಕರೆದುಬಿಟ್ಟಿದ್ದೇವೆ. ಹಾಗೆ ಕರೆದ ಮೇಲೆ ಅದನ್ನು ಕಲ್ಲು ಕೊಯ್ಯುವವರಿಗೆ ಕೊಡಲು, ಜೆಸಿಬಿ ಹಚ್ಚಿ ಮಟ್ಟ ಮಾಡಲು ಮನಸ್ಸು ಹಿಂಜರಿಯುವುದಿಲ್ಲ. ಸರಕಾರಿ ಕಾಗದಗಳಲ್ಲಿಯೂ ಹುಲ್ಲುಗಾವಲೆಂದರೆ ಬಂಜರು. ಘಟ್ಟದ ಹುಲ್ಲುಬೆಟ್ಟಗಳಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟದ್ದು ಈ ಲೆಕ್ಕದಲ್ಲಿಯೇ. ನೆತ್ತಿ ಹೋದ ಕೆಲವು ವರ್ಷಕ್ಕೆ ಸುರಂಗ ಒಣಗುತ್ತದೆ. ಆಮೇಲೆ ಕೊಳವೆಬಾವಿಯ ಸಾಲಕ್ಕೆ ಅರ್ಜಿ ನಮ್ಮ ಸಂಘಕ್ಕೇ ಬರುತ್ತದೆ.

ಕೊಳೆರೋಗ, ಹಳದಿ ಎಲೆ ರೋಗದಿಂದ ಫಸಲು ಕಳೆದುಕೊಂಡವರು ಒಂದು ತುಂಡು ಗುಡ್ಡ ಮಾರಿದರೆ ಅವರನ್ನು ದೂರುವುದು ಸಲ್ಲದು. ಮಗಳ ಮದುವೆ, ಮಗನ ಫೀಸು ಒರತೆಗಾಗಿ ಕಾಯುವುದಿಲ್ಲ. ಆದ್ದರಿಂದಲೇ ಇದನ್ನು ಒಬ್ಬೊಬ್ಬರ ವಿವೇಕಕ್ಕೆ ಬಿಡದೆ ಸಂಘ ಕೈಹಾಕಬೇಕೆಂಬುದು ನನ್ನ ಅಭಿಪ್ರಾಯ. ಮುಂದಿನ ಮಹಾಸಭೆಯಲ್ಲಿ ಎರಡು ವಿಷಯ ಚರ್ಚೆಯಾಗಲಿ. ಒಂದು, ಸುರಂಗದ ಹೂಳೆತ್ತಲು, ಮೇಲಿನ ಹುಲ್ಲುಜಾಗಕ್ಕೆ ಬೇಲಿ ಹಾಕಲು ಕಡಿಮೆ ಬಡ್ಡಿಯ ಸಣ್ಣ ಸಾಲ. ಕೊಳವೆಬಾವಿಯ ಅರ್ಜಿಗೆ ಮೊದಲು ಇದನ್ನು ಪರಿಶೀಲಿಸುವ ಪದ್ಧತಿ. ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವವರಿಗೆ ಮಾತ್ರ ಈ ಸಾಲ ಬೇಡ; 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ನಾವು ಮರೆಯಬಾರದು. ಎರಡು, ಈ ಸಲದ ಅಧ್ಯಯನ ಪ್ರವಾಸ ಸೆಪ್ಟೆಂಬರಿನಲ್ಲಿ ಬೀದರಿಗೆ ಆಗಲಿ. ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರಿಗೆ 2017ರಿಂದ ರೈಲೂ ಇದೆ. ಖರ್ಚು ಹೆಚ್ಚಲ್ಲ.

ಅಲ್ಲಿಯ ಗುಡ್ಡ ನೋಡಿ ಬಂದವರು ತಮ್ಮ ತೋಟದ ಮೇಲಿನ ಗುಡ್ಡವನ್ನು ಏನೆಂದು ಕರೆಯುತ್ತಾರೋ ಆಮೇಲೆ ಕೇಳೋಣ.

– ಕಾರ್ಯದರ್ಶಿ