ಗೋಡೆಯೊಳಗಿನ ಪುಸ್ತಕ

ಮಕ್ಕಳೇ, ನಾವು ಹಳೇ ಪೇಪರನ್ನು ತೂಕಕ್ಕೆ ಹಾಕುತ್ತೇವೆ. ತೂಕ ಹಾಕಿಸಿಕೊಂಡು ಓದುವವನನ್ನು ಕಂಡಿದ್ದೀರಾ? ಚೀನಾದಲ್ಲಿ ಅಂಥ ಒಬ್ಬ ಚಕ್ರವರ್ತಿ ಇದ್ದ. ದಿನಾ ಇಷ್ಟು ತೂಕದ ಕಡತ ಎಂದು ತಕ್ಕಡಿಯಲ್ಲಿ ತೂಗಿಸಿ, ಅಷ್ಟನ್ನೂ ಮುಗಿಸದೆ ಮಲಗುತ್ತಿರಲಿಲ್ಲವಂತೆ. ಆ ತೂಕ ನಮ್ಮ ಲೆಕ್ಕದಲ್ಲಿ ಸುಮಾರು 30 ಕಿಲೋ. ಬ್ಯಾಂಕಿನಲ್ಲಿ ಇಡೀ ಜೀವಮಾನ ಲೆಜರ್ ಹೊತ್ತ ನನಗೂ ದಿನಕ್ಕೆ ಅಷ್ಟು ಓದುವ ಯೋಗ ಬರಲಿಲ್ಲ!

ಅವನ ಹೆಸರು ಚಿನ್ ಷಿ ಹ್ವಾಂಗ್. ಸಾವಿರಾರು ಮಣ್ಣಿನ ಸೈನಿಕರ ಚಿತ್ರ ನೋಡಿದ್ದೀರಲ್ಲ, ಅವರೆಲ್ಲ ಇವನ ಸಮಾಧಿಯ ಕಾವಲಿನವರು.

ಕಡತ ಅಷ್ಟು ಭಾರ ಯಾಕೆಂದರೆ, ಆಗ ಕಾಗದ ಬಳಕೆಗೆ ಬಂದಿರಲಿಲ್ಲ. ಬಿದಿರನ್ನು ತೆಳ್ಳಗೆ ಸೀಳಿ, ಒಂದೊಂದು ಸೀಳಿನ ಮೇಲೂ ಮೇಲಿನಿಂದ ಕೆಳಕ್ಕೆ ಒಂದೇ ಸಾಲು ಕುಂಚದಲ್ಲಿ ಬರೆಯುತ್ತಿದ್ದರು. ಆಮೇಲೆ ಸೀಳುಗಳನ್ನು ದಾರದಿಂದ ಹೆಣೆದು ಚಾಪೆಯ ಹಾಗೆ ಸುತ್ತಿಡುತ್ತಿದ್ದರು. ನಮ್ಮ ಹಿರಿಯರ ತಾಳೆಗರಿಯ ಕಟ್ಟು ಇದ್ದ ಹಾಗೆ ಅನ್ನಿ. ‘ಪುಸ್ತಕದ ಸಂಪುಟ’ ಎನ್ನುವುದಕ್ಕೆ ಇವತ್ತಿಗೂ ಚೀನೀಯರು ಬರೆಯುವ ಅಕ್ಷರದಲ್ಲಿ ನೆಟ್ಟಗೆ ನಿಂತ ಗೆರೆಗಳೂ ಅವನ್ನು ಕಟ್ಟಿದ ಅಡ್ಡಗೆರೆಯೂ ಇವೆ. ಕನ್‌ಫ್ಯೂಷಿಯಸ್ ಒಂದು ಪುಸ್ತಕವನ್ನು ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ, ಅದರ ಚರ್ಮದ ದಾರ ಮೂರು ಸಲ ಹರಿದುಹೋಯಿತಂತೆ. ನಮ್ಮ ಮನೆಯಲ್ಲಿ ಪಂಚಾಂಗ ಒಂದಕ್ಕೆ ಮಾತ್ರ ಆ ಗತಿ.

ಈ ಕನ್‌ಫ್ಯೂಷಿಯಸ್ ಕ್ರಿ.ಪೂ. 551ರಿಂದ 479ರವರೆಗೆ ಇದ್ದವನು. ಆಗ ಚೀನಾ ಒಂದು ದೇಶವಲ್ಲ, ಸದಾ ಹೊಡೆದಾಡುವ ಹಲವು ರಾಜ್ಯಗಳು. ಈ ಜಗಳ ನಿಲ್ಲುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ನೂರು ಜನ ನೂರು ಉತ್ತರ ಹೇಳಿದರು. ಚೀನೀ ಸಾಹಿತ್ಯದ ಬೇರು ಇರುವುದು ಈ ವಾದದಲ್ಲಿ. ಹಿರಿಯರಿಗೆ ಮಗ ತಗ್ಗಿ ನಡೆಯಲಿ, ರಾಜನೇ ಮೊದಲು ಸನ್ನಡತೆ ತೋರಿಸಲಿ, ಹಿಂದಿನವರ ಹಾಡು ಮತ್ತು ದಾಖಲೆಗಳಿಂದ ಕಲಿಯೋಣ ಎಂದವನು ಕನ್‌ಫ್ಯೂಷಿಯಸ್. ನೀರಿನ ಹಾಗಿರಿ, ತಗ್ಗಿನಲ್ಲಿ ಹರಿಯಿರಿ, ಎಲ್ಲಕ್ಕೂ ಕೈ ಹಾಕಬೇಡಿ ಎಂದವರು ಲಾವೋತ್ಸೆಯ ಹಾದಿಯವರು. ಇದೆಲ್ಲ ಆಗದ ಮಾತು, ಕಾನೂನು ಬಿಗಿ ಮಾಡಿ, ತಪ್ಪಿದವನಿಗೆ ಶಿಕ್ಷೆ, ಒಪ್ಪಿದವನಿಗೆ ಬಹುಮಾನ ಎಂದವರು ಇನ್ನೊಂದು ಗುಂಪು. ಚಿನ್ ರಾಜ್ಯ ಹಿಡಿದದ್ದು ಈ ಮೂರನೆಯ ದಾರಿ. ಕ್ರಿ.ಪೂ. 221ರಲ್ಲಿ ಅದು ಉಳಿದ ರಾಜ್ಯಗಳನ್ನೆಲ್ಲ ನುಂಗಿತು.

ಕ್ರಿ.ಪೂ. 213ರಲ್ಲಿ ಅರಮನೆಯಲ್ಲೊಂದು ಔತಣ. ಎಲ್ಲರೂ ಚಕ್ರವರ್ತಿಯನ್ನು ಹೊಗಳುತ್ತಿದ್ದಾಗ ವಿದ್ವಾಂಸನೊಬ್ಬ ಎದ್ದು, ಹಳೆಯ ಅರಸರ ಪದ್ಧತಿ ಬಿಟ್ಟ ರಾಜ್ಯ ಬಹಳ ಕಾಲ ಬಾಳಿದ್ದನ್ನು ನಾನು ಕೇಳಿಲ್ಲ ಎಂದುಬಿಟ್ಟ. ಮಂತ್ರಿ ಲೀ ಸ್ಸು ಸಿಡಿದೆದ್ದ. ಇವರು ಹಳೇ ಪುಸ್ತಕ ಹಿಡಿದು ಇಂದಿನ ಆಡಳಿತವನ್ನು ಆಡಿಕೊಳ್ಳುತ್ತಾರೆ, ಪುಸ್ತಕವನ್ನೇ ಸುಟ್ಟುಬಿಡೋಣ ಎಂದ. ಆಜ್ಞೆ ಹೊರಟಿತು. ಮನೆಮನೆಯಲ್ಲಿರುವ ಹಾಡಿನ ಪುಸ್ತಕ, ಚರಿತ್ರೆಯ ದಾಖಲೆ, ತತ್ವದ ಗ್ರಂಥ ಎಲ್ಲವನ್ನೂ 30 ದಿನದೊಳಗೆ ಸುಡಬೇಕು. ಸುಡದವನ ಮುಖಕ್ಕೆ ಬರೆ ಹಾಕಿ ಗೋಡೆ ಕಟ್ಟುವ ಕೂಲಿಗೆ ಅಟ್ಟುವುದು. ಆ ಪುಸ್ತಕಗಳ ಬಗ್ಗೆ ಇಬ್ಬರು ಮಾತಾಡಿಕೊಂಡರೂ ಮರಣದಂಡನೆ. ವೈದ್ಯ, ಜ್ಯೋತಿಷ್ಯ, ಬೇಸಾಯದ ಪುಸ್ತಕಗಳಿಗೆ ಮಾತ್ರ ವಿನಾಯಿತಿ. ನನಗೆ ಚಕ್ರವರ್ತಿಗಿಂತ ಈ ಲೀ ಸ್ಸುವಿನ ಮೇಲೇ ಸಿಟ್ಟು ಹೆಚ್ಚು. ಅವನು ಓದಿದ್ದು ಕನ್‌ಫ್ಯೂಷಿಯಸ್ ಪರಂಪರೆಯ ದೊಡ್ಡ ಗುರು ಷುನ್ ತ್ಸುವಿನ ಹತ್ತಿರ. ಕಲಿಸಿದ ಮೇಷ್ಟರ ಪಾಠಕ್ಕೇ ಕೊಳ್ಳಿ ಇಟ್ಟ!

ಈಗ ನಮ್ಮ ಕಥಾನಾಯಕನ ಬಳಿಗೆ ಬರೋಣ. ಜಿನಾನ್ ಎಂಬ ಊರಿನ ಫು ಷೆಂಗ್. ಅವನ ಹತ್ತಿರ ‘ಷಾಂಗ್‌ಷು’ ಎಂಬ ಗ್ರಂಥವಿತ್ತು. ಪುರಾತನ ದೊರೆಗಳ ಮಾತು, ಆಣೆ, ಬುದ್ಧಿವಾದಗಳ ದಾಖಲೆ ಅದು. ಸುಡಲು ಮನಸ್ಸು ಬರಲಿಲ್ಲ. ಮನೆಯ ಗೋಡೆಯೊಳಗೆ ಬಿದಿರಿನ ಕಟ್ಟುಗಳನ್ನು ಇಟ್ಟು ಮುಚ್ಚಿಬಿಟ್ಟ. ಸ್ವಲ್ಪ ವರ್ಷಕ್ಕೆ ಚಕ್ರವರ್ತಿ ಸತ್ತ, ದಂಗೆ ಎದ್ದಿತು, ರಾಜಧಾನಿ ಹೊತ್ತಿ ಉರಿಯಿತು. ಫು ಷೆಂಗ್ ಊರು ಬಿಟ್ಟು ಅಲೆದ. ಹಾನ್ ವಂಶದ ಆಳ್ವಿಕೆ ಬಂದು ಶಾಂತಿಯಾದ ಮೇಲೆ ಮರಳಿ ಬಂದು ಗೋಡೆ ತೆಗೆದು ನೋಡಿದರೆ ಹತ್ತಾರು ಅಧ್ಯಾಯ ಕಳೆದುಹೋಗಿದ್ದವು. ಉಳಿದದ್ದು 29. ಅಷ್ಟನ್ನೇ ಇಟ್ಟುಕೊಂಡು ಸುತ್ತಲಿನ ಹುಡುಗರಿಗೆ ಪಾಠ ಶುರುಮಾಡಿದ.

ಕ್ರಿ.ಪೂ. 180ರಲ್ಲಿ ವೆನ್ ಎಂಬ ಚಕ್ರವರ್ತಿ ಪಟ್ಟಕ್ಕೆ ಬಂದ. ಷಾಂಗ್‌ಷು ಬಲ್ಲವರು ದೇಶದಲ್ಲಿ ಯಾರಿದ್ದಾರೆ ಎಂದು ಹುಡುಕಿಸಿದರೆ ಸಿಕ್ಕಿದ ಹೆಸರು ಒಂದೇ. ಕರೆಸೋಣವೆಂದರೆ ಅಜ್ಜನಿಗೆ 90 ದಾಟಿದೆ, ನಡೆಯಲಾಗದು. ಸರಿ, ಆಸ್ಥಾನದಿಂದ ಛಾವ್ ತ್ಸುವೊ ಎಂಬ ಅಧಿಕಾರಿಯನ್ನೇ ವಿದ್ಯಾರ್ಥಿಯಾಗಿ ಅಜ್ಜನ ಬಳಿಗೆ ಕಳಿಸಿದರು. ಹಲ್ಲುದುರಿದ ಬಾಯಿ, ಅದರ ಮೇಲೆ ಜಿನಾನ್ ಕಡೆಯ ಆಡುಮಾತು. ಬಂದವನಿಗೆ ಅರ್ಧ ಅರ್ಥವಾದರೆ ಅರ್ಧ ಇಲ್ಲ. ಆಗ ಅಜ್ಜನ ಮಗಳು ನಡುವೆ ಕೂತು, ಅಪ್ಪ ಹೇಳಿದ್ದನ್ನು ಬಿಡಿಸಿ ಹೇಳುತ್ತಿದ್ದಳು ಎಂದು ನಂತರದವರು ಬರೆದಿದ್ದಾರೆ. ಆ ಮಗಳ ಹೆಸರನ್ನೂ ಅವರು ಬರೆದಿಟ್ಟಿದ್ದರೆ ಗಂಟೇನು ಹೋಗುತ್ತಿತ್ತು?

ಗೋಡೆಯ ಕಥೆ ನಮಗೆ ತಿಳಿದದ್ದು ಮಹಾ ಚರಿತ್ರೆಕಾರ ಸಿಮಾ ಚಿಯೆನ್‌ನಿಂದ. ಅವನು ಬರೆದದ್ದು 130 ಅಧ್ಯಾಯದ ಚರಿತ್ರೆ. ಅದರಲ್ಲಿ ವ್ಯಾಪಾರಿಗಳಿಗೂ ಒಂದು ಅಧ್ಯಾಯ ಕೊಟ್ಟಿದ್ದಾನೆ ಎಂಬುದು ಬಿ.ಕಾಂ. ಓದಿದ ನನಗೆ ವಿಶೇಷ ಸಂತೋಷ.

ಹಾಡಿನ ಪುಸ್ತಕದ ಗತಿ ಏನಾಯಿತು ಎಂದು ಕೇಳುತ್ತೀರಿ. 305 ಹಾಡುಗಳಿದ್ದ ಆ ಸಂಗ್ರಹ ಹೆಚ್ಚು ಕಷ್ಟಪಡದೆ ಬದುಕಿತು. ಹಾಡುಗಳು ಜನರ ಬಾಯಲ್ಲಿದ್ದವಲ್ಲ! ನಮ್ಮ ಅಜ್ಜಿಯರ ಬೀಸುಕಲ್ಲಿನ ಪದಗಳನ್ನು ಯಾವ ಮಂತ್ರಿ ಸುಟ್ಟಾನು?

ಗೋಡೆಯಿಂದ ಬಂದ ಅಧ್ಯಾಯಗಳಲ್ಲಿ ಒಂದರ ಕಥೆ ಹೇಳುತ್ತೇನೆ. ಚೌ ವಂಶದ ದೊರೆಗೆ ಕಾಯಿಲೆಯಾಯಿತು. ಅವನ ತಮ್ಮ ಪೂರ್ವಜರ ಮುಂದೆ ನಿಂತು, ಅಣ್ಣನ ಬದಲು ನನ್ನನ್ನು ಕರೆದುಕೊಳ್ಳಿ ಎಂದು ಬೇಡಿಕೊಂಡ. ಆ ಬೇಡಿಕೆಯನ್ನು ಬರೆದು, ಲೋಹದ ಪಟ್ಟಿ ಬಿಗಿದ ಪೆಟ್ಟಿಗೆಯಲ್ಲಿಟ್ಟರು. ಅಣ್ಣ ಚೇತರಿಸಿಕೊಂಡ. ಆದರೆ ಮುಂದೆ ಅವನು ತೀರಿಕೊಂಡಾಗ ಮಗ ಇನ್ನೂ ಹುಡುಗ. ಈ ಚಿಕ್ಕಪ್ಪ ಹುಡುಗನಿಗೆ ಕೇಡು ಮಾಡುತ್ತಾನೆ ಎಂದು ಉಳಿದ ಚಿಕ್ಕಪ್ಪಂದಿರು ಗಾಳಿಸುದ್ದಿ ಹಬ್ಬಿಸಿದರು. ಚಿಕ್ಕಪ್ಪ ಬಾಯಿಬಿಡಲಿಲ್ಲ, ಪೂರ್ವ ದಿಕ್ಕಿಗೆ ಹೊರಟುಹೋದ. ಒಂದು ವರ್ಷ ಸುಗ್ಗಿಯ ಹೊತ್ತಿಗೆ ಗುಡುಗು, ಬಿರುಗಾಳಿ. ಪೈರೆಲ್ಲ ನೆಲಕ್ಕೆ ಮಲಗಿತು, ದೊಡ್ಡ ಮರಗಳು ಬುಡಮೇಲಾದವು. ಹೆದರಿದ ಎಳೆಯ ದೊರೆ ಪೆಟ್ಟಿಗೆ ತೆಗೆಸಿದರೆ ಒಳಗೆ ಚಿಕ್ಕಪ್ಪನ ಬರಹ. ಓದಿ ಅತ್ತುಬಿಟ್ಟ. ಚಿಕ್ಕಪ್ಪನನ್ನು ಎದುರುಗೊಳ್ಳಲು ಹೊರಟಾಗ ಗಾಳಿ ತಿರುಗಿ ಬೀಸಿತು, ಮಲಗಿದ್ದ ಪೈರು ಎದ್ದು ನಿಂತಿತು.

ಪೆಟ್ಟಿಗೆಯೊಳಗಿನ ಪತ್ರದ ಕಥೆ, ಗೋಡೆಯೊಳಗಿನ ಪುಸ್ತಕದಲ್ಲಿ!

ಇನ್ನು ನನ್ನ ಕಸುಬಿಗೆ ಹತ್ತಿರದ ಭಾಗ. ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ಒಬ್ಬ ಅಧಿಕಾರಿ, ಕಳೆದುಹೋದ ಅಧ್ಯಾಯಗಳೂ ಸಿಕ್ಕಿವೆ ಎಂದು ಹೊಸ ಪ್ರತಿಯೊಂದನ್ನು ಆಸ್ಥಾನಕ್ಕೆ ಒಪ್ಪಿಸಿದ. ಅಜ್ಜನ ಅಧ್ಯಾಯಗಳನ್ನೇ ಅಲ್ಲಲ್ಲಿ ಒಡೆದು 33, ಹೊಸತು 25, ಒಟ್ಟು 58. ಸಾವಿರ ವರ್ಷಕ್ಕೂ ಮೇಲೆ ಹುಡುಗರು ಸರ್ಕಾರಿ ಪರೀಕ್ಷೆಗೆ ಇದನ್ನೇ ಉರು ಹೊಡೆದರು. 1636ರಲ್ಲಿ ಹುಟ್ಟಿದ ಯಾನ್ ರುವೋಚು ಎಂಬವನಿಗೆ ಇಪ್ಪತ್ತನೆಯ ವಯಸ್ಸಿನಲ್ಲಿ ಅನುಮಾನ ಬಂತು. ಇವನು ಚಿಕ್ಕಂದಿನಲ್ಲಿ ತೊದಲುತ್ತಿದ್ದನಂತೆ, ಪಾಠ ಬೇಗ ಹತ್ತುತ್ತಿರಲಿಲ್ಲವಂತೆ. ಮೂವತ್ತು ವರ್ಷದಷ್ಟು ಕೂತು ಸಾಲುಸಾಲಾಗಿ ತಾಳೆ ನೋಡಿದ. ಆ ಪ್ರತಿಯ ಜೊತೆಗಿದ್ದ ವ್ಯಾಖ್ಯಾನದಲ್ಲಿ ಒಂದು ಜಿಲ್ಲೆಯ ಹೆಸರಿತ್ತು. ವ್ಯಾಖ್ಯಾನ ಬರೆದನೆನ್ನಲಾದ ವಿದ್ವಾಂಸ ಸತ್ತ ಮೇಲೆ ಆ ಜಿಲ್ಲೆಯಾದದ್ದು! 1960ರ ತಾರೀಖಿನ ಪತ್ರದಲ್ಲಿ ‘ಕರ್ನಾಟಕ ಸರ್ಕಾರ’ ಎಂಬ ಮೊಹರು ಕಂಡರೆ ಯಾವ ಗುಮಾಸ್ತನೂ ಪೆನ್ನು ಕೆಳಗಿಡುತ್ತಾನೆ, ರಾಜ್ಯಕ್ಕೆ ಆ ಹೆಸರು ಬಂದದ್ದೇ 1973ರಲ್ಲಿ. ಇಂಥ ನೂರಕ್ಕೂ ಹೆಚ್ಚು ಅಂಶ ಪಟ್ಟಿಮಾಡಿ, ಆ 25 ಅಧ್ಯಾಯ ಖೋಟಾ ಎಂದು ಯಾನ್ ತೋರಿಸಿದ. ಅಜ್ಜನ ಅಧ್ಯಾಯಗಳಿಗೆ ಏನೂ ಆಗಲಿಲ್ಲ.

2008ರಲ್ಲಿ ಬೀಜಿಂಗಿನ ತ್ಸಿಂಗ್‌ಹ್ವಾ ವಿಶ್ವವಿದ್ಯಾಲಯಕ್ಕೆ ಸುಮಾರು 2,500 ಬಿದಿರು ಸೀಳುಗಳು ಬಂದು ಸೇರಿದವು. ಕ್ರಿ.ಪೂ. 300ರ ಸುಮಾರಿನವು, ಅಂದರೆ ಲೀ ಸ್ಸು ಬೆಂಕಿ ಇಡುವುದಕ್ಕಿಂತ ಮೊದಲೇ ಯಾವುದೋ ಸಮಾಧಿ ಸೇರಿದ್ದವು. ಸ್ವಚ್ಛ ಮಾಡಿ ಜೋಡಿಸಿ ಓದಿದರೆ ಪೆಟ್ಟಿಗೆಯ ಕಥೆ ಅಲ್ಲಿದೆ! ಅಜ್ಜನ ಪಾಠದಲ್ಲಿ ‘ಎರಡು ವರ್ಷ’ ಎಂದಿದ್ದ ಕಡೆ ಇದರಲ್ಲಿ ‘ಮೂರು ವರ್ಷ’ ಎಂದಿದೆ, ಅಲ್ಲಲ್ಲಿ ಮಾತು ಬೇರೆ. ಗಾಳಿ ತಿರುಗಿದ್ದು, ಪೈರು ಎದ್ದು ನಿಂತದ್ದು ಎರಡರಲ್ಲೂ ಇದೆ.